ಮೊದಲು ಕೇಳಿಸಿಕೊಂಡವಳು

ತಂಗಮಣಿಯ ಬಾಯಿಂದ ‘ಬಾವಾ’ ಎಂಬ ಮಾತು ಹೊರಟರೆ ಸಾಕು, ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಮೇಲೂ ಕಮಲಂಗೆ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ಹಾಗೆ ಕರೆಯುವುದರಲ್ಲಿ ತಪ್ಪೇನೂ ಇರಲಿಲ್ಲ. ಕಮಲಂಳ ಗಂಡ ಮಹಾಲಿಂಗಂಗೆ ತಂಗಮಣಿ ಸೋದರಮಾವನ ಮಗಳು. ಮಾವನ ಮಗಳು ಬಾವ ಎನ್ನದೆ ಇನ್ನೇನು ಅಂದಾಳು? ಆದರೆ ಒಂದು ಕಾಲಕ್ಕೆ ಅವರಿಬ್ಬರಿಗೇ ಮದುವೆ ಎಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಹಿರಿಯರ ನಡುವೆ ಏನೋ ಮನಸ್ತಾಪವಾಗಿ ಅದು ಮುರಿದುಬಿತ್ತು. ತಂಗಮಣಿಯನ್ನು ಕೋಟಗಿರಿಯ ಆಚೆಗಿನ ಒಂದು ಹಟ್ಟಿಗೆ ಕೊಟ್ಟರು. ಮಹಾಲಿಂಗಂಗೆ ಕಮಲಂಳನ್ನು ತಂದರು. ಅವನ ಊರಾದ ಕೂಕಲ್ತೊರೈಗೆ ಸೊಸೆಯಾಗಿ ಬಂದ ಮೊದಲ ವಾರವೇ ಅತ್ತೆ ಈ ಸಂಗತಿಯನ್ನು ನಗುತ್ತ ಹೇಳಿದ್ದಳು. ಕಮಲಂ ಕೂಡ ನಕ್ಕಿದ್ದಳು. ಮರೆತಿರಲಿಲ್ಲ.

ತಂಗಮಣಿಯ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಅಲ್ಲಿಯವರೆಗೆ ಮದುವೆಮನೆಯಲ್ಲೋ ಸಾವಿನ ಮನೆಯಲ್ಲೋ ಅವಳು ಕಣ್ಣಿಗೆ ಬಿದ್ದರೆ ಕಮಲಂ ಎರಡು ಮಾತಾಡಿ ಸರಿದುಬಿಡುತ್ತಿದ್ದಳು. ಅವಳು ಒಂಟಿಯಾದ ಮೇಲೆ ಅದೂ ಕಷ್ಟವಾಯಿತು. ಪಾಪ ಅನ್ನಿಸುವುದು, ಮರುಕ್ಷಣವೇ ಗಂಡ ಎಲ್ಲಿ ನಿಂತಿದ್ದಾನೆ ಎಂದು ಕಣ್ಣು ಹುಡುಕುವುದು.

ಮಹಾಲಿಂಗಂ ಸರ್ಕಾರಿ ಬಸ್ಸಿನ ಕಂಡಕ್ಟರ್. ಕಮಲಂ ಮನೆಯ ಹಿಂದಿನ ಒಂದೂವರೆ ಎಕರೆ ಟೀ ತೋಟ ನೋಡಿಕೊಳ್ಳುತ್ತಿದ್ದಳು. ಒಬ್ಬಳೇ ಮಗಳು ನಿವೇತಾ ಕೂನೂರಿನ ಶಾಲೆಯೊಂದರಲ್ಲಿ ಟೀಚರ್. ಮಹಾಲಿಂಗಂದು ಗುಂಯ್‌ಗುಡುವ ತುಂಬುಕಂಠ. ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗಿದರೆ ಡ್ರೈವರನ ಪಕ್ಕದಲ್ಲಿ ತೂಕಡಿಸುತ್ತಿದ್ದವರೂ ಎಚ್ಚರವಾಗುತ್ತಿದ್ದರು. ಆ ಕಂಠಕ್ಕಾಗಿಯೇ ಸುತ್ತಲ ಹಟ್ಟಿಗಳಲ್ಲಿ ಯಾರಾದರೂ ಸತ್ತರೆ ಅವನಿಗೆ ಕರೆ ಬರುತ್ತಿತ್ತು. ಸತ್ತವರು ತಿಳಿದೋ ತಿಳಿಯದೆಯೋ ಮಾಡಿದ ಪಾಪಗಳನ್ನು ಒಂದೊಂದಾಗಿ ಹೆಸರಿಸಿ, ಅವೆಲ್ಲ ಕಳೆಯಲಿ ಎಂದು ಬೇಡಿಕೊಳ್ಳುವುದು ಇಲ್ಲಿನವರ ಪದ್ಧತಿ. ಒಬ್ಬ ಹೇಳುತ್ತ ಹೋಗುತ್ತಾನೆ, ನೆರೆದವರು ದನಿಗೂಡಿಸುತ್ತಾರೆ.

ಆ ಆಗಸ್ಟಿನಲ್ಲಿ ಪಕ್ಕದ ಹಟ್ಟಿಯ ಹಿರಿಯರೊಬ್ಬರು ಹೋದಾಗಲೂ ಹೇಳಲು ನಿಂತವನು ಅವನೇ. ಹತ್ತಿಪ್ಪತ್ತು ಸಾಲು ಹೇಳುವಷ್ಟರಲ್ಲಿ ದನಿ ಸೀಳಿತು. ಕೆಮ್ಮಿ, ನೀರು ಕುಡಿದು ಮತ್ತೆ ಶುರುಮಾಡಿದ. ಈ ಸಲ ದನಿಯೇ ಹೊರಡಲಿಲ್ಲ. ಬರೀ ಗಾಳಿ. ಬೇರೊಬ್ಬರು ಮುಂದೆ ಬಂದು ಉಳಿದದ್ದನ್ನು ಹೇಳಿ ಮುಗಿಸಿದರು.

ಹೆಂಗಸರ ಗುಂಪಿನಲ್ಲಿ ಕೂತಿದ್ದ ಕಮಲಂಳ ಪಕ್ಕಕ್ಕೆ ತಂಗಮಣಿ ಬಂದು ಕುಳಿತಳು.

“ಅಕ್ಕಾ, ಬಾವನ ದನಿಗೆ ಏನಾತು?”

“ಏನಾಗೋದು? ಶೀತ.”

“ಎಷ್ಟು ದಿವಸದಿಂದ?”

“ಮಳೆ ಹಿಡಿದಾಗಿಂದ. ಬಸ್ಸಲ್ಲಿ ಕೂಗಿ ಕೂಗಿ ಹಂಗಾಗಿದೆ.”

“ಮಳೆ ಹಿಡಿದು ಎರಡು ತಿಂಗಳಾತಲ್ಲ. ಮೂಗು ಸೋರುತ್ತಾ? ಜ್ವರ?”

“ಇಲ್ಲೆ.”

“ಹಂಗಾದ್ರೆ ಅದು ಶೀತ ಅಲ್ಲ ಅಕ್ಕಾ.” ತಂಗಮಣಿ ದನಿ ತಗ್ಗಿಸಿದಳು. “ನಮ್ಮ ಮನೆಯವರಿಗೂ ಹಿಂಗೇ ಶುರುವಾದ್ದು. ಮೂರು ವಾರಕ್ಕೂ ದನಿ ಸರಿಹೋಗದೆ ಇದ್ರೆ ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡಿಸಲೇಬೇಕು. ಬೀಡಿ ಸೇದುವವರಂತೂ ಒಂದು ದಿವಸವೂ ತಡ ಮಾಡಬಾರದು. ನಾವು ಎಂಟು ತಿಂಗಳು ಕಷಾಯ ಕುಡಿಸ್ತಾ ಕೂತಿದ್ದೆವು.”

ಕಮಲಂಗೆ ಆ ಮಾತಿನ ಅರ್ಥ ಆಗಲಿಲ್ಲ ಎಂದಲ್ಲ. ಆಯಿತು, ಹೆದರಿಕೆಯೂ ಆಯಿತು. ಆದರೆ ಅದರ ಹಿಂದೆಯೇ ಬೇರೊಂದು ಉರಿ ಎದ್ದಿತು. ದಿನಾ ಪಕ್ಕದಲ್ಲಿ ಮಲಗುವವಳು ನಾನು. ‘ಕಾಫಿ ಕೊಡು’ ಅನ್ನುವುದರಿಂದ ‘ದೀಪ ಆರಿಸು’ ಅನ್ನುವವರೆಗೆ ಆ ದನಿ ಕೇಳುವವಳು ನಾನು. ನನಗೆ ಶೀತ ಎಂದು ಕೇಳಿಸಿದ್ದು ವರ್ಷಕ್ಕೆರಡು ಸಲ ಕೇಳುವ ಇವಳಿಗೆ ಬೇರೆಯಾಗಿ ಕೇಳಿಸಿತಾ?

“ಅವರ ದನಿ ಮುಂಚೆ ಹೆಂಗಿತ್ತು ಅಂತ ನಿನಗೆ ಅಷ್ಟು ಚೆನ್ನಾಗಿ ನೆನಪಿದೆಯಾ?” ಎಂದಳು.

ತಂಗಮಣಿ ಅವಳ ಮುಖ ನೋಡಿದಳು. “ಇದೆ ಅಕ್ಕಾ. ಚಿಕ್ಕಂದಿನಿಂದ ಕೇಳಿದ ದನಿ.”

ಕಮಲಂ ಎದ್ದು ಬೇರೆ ಹೆಂಗಸರ ಪಕ್ಕಕ್ಕೆ ಹೋಗಿ ಕೂತಳು.

ಮೂರು ದಿನ ಬಿಟ್ಟು ಬೆಳಿಗ್ಗೆ ಮಹಾಲಿಂಗಂ ಸ್ನಾನಕ್ಕೆ ಹೋಗಿದ್ದಾಗ ಅವನ ಫೋನು ಸದ್ದು ಮಾಡಿತು. ಕಮಲಂ ತೆಗೆದು ನೋಡಿದಳು. ತಂಗಮಣಿಯ ಮೆಸೇಜು. ‘ಬಾವಾ, ಅಕ್ಕ ಹೇಳಿರಬಹುದು. ಊಟಿ ಆಸ್ಪತ್ರೆಯಲ್ಲಿ ಗಂಟಲಿನ ಡಾಕ್ಟರು ಶುಕ್ರವಾರ ಇರುತ್ತಾರೆ. ಬೇಕಾದರೆ ನಾನೂ ಬರುತ್ತೇನೆ.’ ಕೊನೆಯ ಸಾಲನ್ನು ಕಮಲಂ ನಾಲ್ಕು ಸಲ ಓದಿದಳು. ಆಮೇಲೆ ಅಳಿಸಿಹಾಕಿದಳು. ಮರುದಿನ ಕರೆ ಬಂದಾಗಲೂ ಅವಳೇ ಎತ್ತಿ, “ಡ್ಯೂಟಿಗೆ ಹೋಗಿದ್ದಾರೆ, ಫೋನು ಮನೇಲೇ ಬಿಟ್ಟು ಹೋದರು. ಬಂದ ಮೇಲೆ ಹೇಳ್ತೇನೆ” ಎಂದಳು. ಮಹಾಲಿಂಗಂ ಒಳಕೋಣೆಯಲ್ಲಿ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

ಅವಳೇನೂ ಸುಮ್ಮನಿರಲಿಲ್ಲ. ಶುಂಠಿ, ಮೆಣಸು, ಜೇನು ಹಾಕಿ ಕಾಯಿಸಿ ಕೊಟ್ಟಳು. ಬಿಸಿನೀರಿನ ಆವಿ ಹಿಡಿಸಿದಳು. ಬೀಡಿ ಕಟ್ಟನ್ನು ಬಚ್ಚಿಟ್ಟು ಜಗಳವಾಡಿದಳು. ಆಸ್ಪತ್ರೆಗೆ ಹೋಗು ಎನ್ನಲು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಅದು ತಂಗಮಣಿಯ ಮಾತು, ತನ್ನ ನಾಲಗೆಯ ಮೇಲೆ ಬಂದು ಕೂತಿದೆ ಅನ್ನಿಸಿತು. ಈ ಸುತ್ತಿನ ಎಲೆ ಕೊಯ್ದು ಫ್ಯಾಕ್ಟರಿಗೆ ಹಾಕಿದ ಮೇಲೆ ನಾನೇ ಕರೆದುಕೊಂಡು ಹೋಗುತ್ತೇನೆ, ನಾನೇ ಕಂಡುಹಿಡಿದೆ ಎಂದಾಗಲಿ ಎಂದುಕೊಂಡಳು. ಎಲೆ ಮುಗಿಯಲಿಲ್ಲ. ಒಂದು ಕಡೆ ಕೊಯ್ದು ಬರುವಷ್ಟರಲ್ಲಿ ಇನ್ನೊಂದು ಕಡೆ ಚಿಗುರುತ್ತಿತ್ತು.

ಸಾವಿನ ಮನೆಯಿಂದ ಬಂದು ಹದಿನೆಂಟನೆಯ ದಿನ, ಎಲೆ ತೂಕ ಹಾಕುವ ಶೆಡ್ಡಿನಲ್ಲಿ ಪಕ್ಕದ ಮನೆಯ ಪೊನ್ನಮ್ಮ ಸಿಕ್ಕಳು.

“ಏನು ಕಮಲಂ, ನಿನ್ನ ಗಂಡನಿಗೆ ಹುಷಾರಿಲ್ಲೆಯಾ? ಇವತ್ತು ಊಟಿ ಆಸ್ಪತ್ರೇಲಿ ನೋಡಿದೆ. ಆ ತಂಗಮಣಿ ಜೊತೆಗಿದ್ದಳು. ಬೆಂಚಿನ ಮೇಲೆ ಕೂತು ಕಾಫಿ ಕುಡೀತಾ ಇದ್ದರು.”

ಕಮಲಂ ತಲೆಯ ಮೇಲಿನ ಎಲೆ ಮೂಟೆಯನ್ನು ಇಳಿಸಿದವಳು ತೂಕದ ಚೀಟಿಯನ್ನೂ ತೆಗೆದುಕೊಳ್ಳದೆ ಮನೆಗೆ ನಡೆದಳು.

ಸಂಜೆ ಮಹಾಲಿಂಗಂ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು.

“ಡ್ಯೂಟಿ ಎಲ್ಲಿತ್ತು ಇವತ್ತು?”

ಅವನು ಸುಳ್ಳು ಹೇಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯಲ್ಲಿ ಕೂತ. ಮಾತು ಗರಗರ ಎನ್ನುತ್ತಿತ್ತು. “ಮೊನ್ನೆ ತಂಗಮಣಿ ಎನ್ನ ಬಸ್ಸಿಗೆ ಹತ್ತಿದಳು. ಟಿಕೆಟ್ ಕೇಳಿದವಳು ಎನ್ನ ಮಾತು ಕೇಳಿ ಅವಳ ಸ್ಟಾಪಲ್ಲಿ ಇಳೀಲೇ ಇಲ್ಲ. ಕೊನೇ ಸ್ಟಾಪಿನವರೆಗೂ ಬಂದಳು. ಎಲ್ಲರೂ ಇಳಿದ ಮೇಲೆ, ‘ಎನ್ನ ಗಂಡನ ಹಂಗೆ ಸಾಯ್ಬೇಕು ಅಂತಿದ್ದೀಯಾ?’ ಅಂತ ಕೇಳಿದಳು. ಇವತ್ತು ಹೋಗಿದ್ದೆ. ಗಂಟಲ ದನಿಪಟ್ಟಿ ಮೇಲೆ ಬಿಳೀ ಗಂಟು ಅದೆ ಅಂದರು. ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಂತೆ. ಕ್ಯಾನ್ಸರ್ ಇರಬಹುದು ಅಂತಾರೆ.”

ಆ ಶಬ್ದವನ್ನು ಅವನು ಹೇಳಿ ಆಯಿತು. ಕಮಲಂಳ ಬಾಯಿಂದ ಹೊರಟದ್ದು ಬೇರೆಯೇ ಮಾತು.

“ಎನಗೆ ಹೇಳೋ ಮುಂಚೆ ಅವಳ ಜೊತೆ ಏಕೆ ಹೋದೆ?”

ಮಹಾಲಿಂಗಂ ಅವಳನ್ನೇ ನೋಡಿದ. ಎದ್ದು ಹಿತ್ತಿಲ ಕಡೆ ಹೋದ. ಆ ಪ್ರಶ್ನೆಯನ್ನು ನೆನೆದು ಮುಂದೆ ಎಷ್ಟೋ ದಿನ ಅವಳು ನಾಚಿಕೆಯಿಂದ ಒಳಗೊಳಗೇ ಕುಗ್ಗಿದಳು. ಆದರೆ ಆ ಹೊತ್ತಿಗೆ ಕೇಳಬೇಕು ಅನ್ನಿಸಿದ್ದು ಅದೊಂದೇ.

ರಿಪೋರ್ಟು ಬಂದ ದಿನ ಮೂವರೂ ಡಾಕ್ಟರ ಮುಂದೆ ಕೂತಿದ್ದರು. ತಂಗಮಣಿ ಬರುವುದು ಬೇಡ ಎಂದು ಕಮಲಂ ಹೇಳಿದ್ದಳು. “ಅಲ್ಲಿ ಏನು ಕೇಳಬೇಕು ಅಂತ ಅವಳಿಗೆ ಗೊತ್ತು, ನಮಗಿಬ್ಬರಿಗೂ ಗೊತ್ತಿಲ್ಲೆ” ಎಂದು ಮಹಾಲಿಂಗಂ ಅವಳನ್ನು ಕರೆಸಿದ್ದ.

“ಕ್ಯಾನ್ಸರೇ” ಎಂದರು ಡಾಕ್ಟರು. “ಆದರೆ ಶುರುವಿನ ಹಂತ. ದನಿಪಟ್ಟಿ ಬಿಟ್ಟು ಎಲ್ಲೂ ಹೋಗಿಲ್ಲ, ಕತ್ತಿನಲ್ಲಿ ಗಡ್ಡೆಯೂ ಇಲ್ಲ. ರೇಡಿಯೇಷನ್ ಸಾಕು. ಈ ಹಂತದಲ್ಲಿ ಬಂದವರಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ, ದನಿಯೂ ಉಳಿಯುತ್ತದೆ. ಬೀಡಿಯನ್ನು ಮಾತ್ರ ಇವತ್ತೇ ಬಿಡಬೇಕು. ಸಾಮಾನ್ಯವಾಗಿ ಜನ ಇಷ್ಟು ಬೇಗ ಬರೋದಿಲ್ಲ. ಯಾರು ಗಮನಿಸಿದ್ದು?”

ಮಹಾಲಿಂಗಂ ತಂಗಮಣಿಯ ಕಡೆ ಕೈ ತೋರಿಸಿದ.

 ಈಗ ಹೇಳುತ್ತಾಳೆ, ಸಾವಿನ ಮನೆಯಲ್ಲೇ ಇವಳಿಗೆ ಹೇಳಿದ್ದೆ, ಮೆಸೇಜು ಹಾಕಿದ್ದೆ, ಕರೆ ಮಾಡಿದ್ದೆ ಎನ್ನುತ್ತಾಳೆ ಎಂದು ಕಮಲಂ ಕಾದಳು.

“ಅಕ್ಕನೂ ಗಮನಿಸಿದ್ದರು ಡಾಕ್ಟರ್” ಎಂದಳು ತಂಗಮಣಿ. ತಟ್ಟನೆ ಎದ್ದು ಹೊರಗೆ ಹೋದಳು. ಕಮಲಂ ಹೊರಬಂದಾಗ ಅವಳು ವರಾಂಡದ ಕೊನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಕಮಲಂಗೆ. ನನ್ನ ತಪ್ಪನ್ನು ಮುಚ್ಚಿಟ್ಟು ದೊಡ್ಡವಳಾದಳು. ಸಾಲದ್ದಕ್ಕೆ ನನ್ನ ಗಂಡನಿಗಾಗಿ ಅಳುತ್ತಾಳೆ. ನನಗಿಂತ ಮೊದಲು ಕೇಳಿಸಿಕೊಂಡವಳು, ನನಗಿಂತ ಮೊದಲು ಅತ್ತವಳು. ಹಾಗಾದರೆ ನನ್ನ ಪಾಲಿಗೆ ಉಳಿದದ್ದೇನು?

ಅಕ್ಟೋಬರಿನಲ್ಲಿ ಗಂಡಹೆಂಡತಿ ಇಬ್ಬರೂ ಕೊಯಮತ್ತೂರಿಗೆ ಇಳಿದರು. ವಾರಕ್ಕೆ ಐದು ದಿನದಂತೆ ಆರು ವಾರ ರೇಡಿಯೇಷನ್. ಆಸ್ಪತ್ರೆಯ ಹತ್ತಿರವೇ ರೋಗಿಗಳ ಮನೆಯವರು ಉಳಿಯುವ ಒಂದು ಕಟ್ಟಡದಲ್ಲಿ ಕೋಣೆ ಸಿಕ್ಕಿತು. ಅದನ್ನು ಹೇಳಿದವಳೂ ತಂಗಮಣಿಯೇ. ಮೊದಲ ಎರಡು ವಾರ ಸಲೀಸಾಗಿ ಹೋಯಿತು. ದಿನಾ ಹೋಗಿ ಹತ್ತು ನಿಮಿಷ ಮಲಗಿ ಬರುವುದಷ್ಟೆ, ಇದಕ್ಕೆ ಇಷ್ಟೊಂದು ಹೆದರಿದೆವಲ್ಲ ಎಂದುಕೊಂಡರು. ಮೂರನೆಯ ವಾರ ಗಂಟಲು ಹುಣ್ಣಾಯಿತು. ನಾಲ್ಕನೆಯ ವಾರಕ್ಕೆ ಕತ್ತಿನ ಚರ್ಮ ಸುಟ್ಟಂತೆ ಕಪ್ಪಾಯಿತು, ಎಂಜಲು ನುಂಗಿದರೂ ಕಣ್ಣಲ್ಲಿ ನೀರು. ದನಿ ಪೂರ್ತಿ ನಿಂತೇಹೋಯಿತು. ಅದು ಚಿಕಿತ್ಸೆಯಿಂದ, ಆಮೇಲೆ ಮರಳಿ ಬರುತ್ತದೆ, ಪಿಸುಗುಟ್ಟಲೂ ಬೇಡಿ ಎಂದಿದ್ದರು. ಕಮಲಂ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಆರಿಸಿ, ಚಮಚೆಯಲ್ಲಿ ಕುಡಿಸುತ್ತಿದ್ದಳು. ಏನು ಬೇಕಾದರೂ ಅವನು ಫೋನಿನಲ್ಲಿ ಬರೆದು ತೋರಿಸುತ್ತಿದ್ದ. ‘ನೀರು.’ ‘ಫ್ಯಾನ್.’ ‘ಸಾಕು.’

ಅವಳಿಗೆ ಒಂದೊಂದು ಶಬ್ದ. ಆದರೆ ಮಧ್ಯಾಹ್ನ ಅವನು ಗೋಡೆಗೆ ಒರಗಿ ಕೂತು ಅರ್ಧ ಗಂಟೆ, ಮುಕ್ಕಾಲು ಗಂಟೆ ಬರೆಯುತ್ತಲೇ ಇರುತ್ತಿದ್ದ. ಉತ್ತರ ಬಂದಾಗ ಫೋನು ಬೆಳಗುತ್ತಿತ್ತು. ಯಾರೆಂದು ಕಮಲಂಗೆ ಕೇಳಬೇಕಾಗಿರಲಿಲ್ಲ. ಒಂದು ದಿನ ಗಂಜಿಯ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು.

“ಎನಗೆ ‘ಸಾಕು’, ಅವಳಿಗೆ ಪುಟಗಟ್ಟಲೆ. ಎನ್ನ ಹತ್ತಿರ ಹೇಳೋಕೆ ಆಗದ್ದು ಅವಳ ಹತ್ತಿರ ಏನದೆ?”

 ಮಹಾಲಿಂಗಂ ಬರೆದು ಫೋನನ್ನು ಅವಳ ಕೈಗಿತ್ತ. ‘ಅವಳ ಗಂಡ ಕೊನೆಗೆ ಹೆಂಗೆ ಸತ್ತ ಅಂತ ಕೇಳ್ತಾ ಇದ್ದೇನೆ. ನಿನ್ನ ಕೇಳಲಾ?’

ಕಮಲಂ ಬಟ್ಟಲು ಎತ್ತಿಕೊಂಡು ಚೆಲ್ಲಿದ ಗಂಜಿಯನ್ನು ಒರೆಸಿದಳು.  ಅವನು ಹೆದರಿದ್ದಾನೆ ಎಂಬುದು ಇಷ್ಟು ದಿನ ತನಗೆ ಹೊಳೆದೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಸಿಂಧುಜಾ ಎಂಬ ಚಿಕ್ಕ ವಯಸ್ಸಿನ ಸಲಹೆಗಾರ್ತಿ ಇದ್ದಳು. ತಿಂಗಳಿಗೆ ಎರಡು ಶನಿವಾರ ರೋಗಿಗಳನ್ನೂ ಮನೆಯವರನ್ನೂ ಒಂದು ಹಾಲಿನಲ್ಲಿ ಕೂರಿಸಿ ಮಾತಾಡಿಸುತ್ತಿದ್ದಳು. “ನೋಡಿಕೊಳ್ಳುವವರಿಗೂ ಒಂದು ಜಾಗ ಬೇಕಲ್ವಾ ಅಮ್ಮಾ, ಬನ್ನಿ” ಎಂದು ಕಮಲಂಳನ್ನು ಎಷ್ಟೋ ಸಲ ಕರೆದಿದ್ದಳು. ಆ ಶನಿವಾರ ಕಮಲಂ ಹೋದಳು. ಒಳಗೆ ಕಾಲಿಟ್ಟರೆ ಎದುರಿನ ಸಾಲಿನಲ್ಲಿ ತಂಗಮಣಿ.

ಎರಡು ವರ್ಷದಿಂದ ಅವಳು ಕೋಟಗಿರಿಯಿಂದ ಬಸ್ಸು ಹಿಡಿದು ಇಲ್ಲಿಗೆ ಬರುತ್ತಿದ್ದಳಂತೆ. ಅದು ಮಹಾಲಿಂಗಂಗಾಗಿ ಅಲ್ಲ, ಯಾರಿಗಾಗಿಯೂ ಅಲ್ಲ. ತನ್ನ ಸರದಿ ಬಂದಾಗ ತಂಗಮಣಿ ಎದ್ದು ನಿಂತು ಗಂಡನ ಕತೆಯನ್ನು ಹೇಳಿದಳು. ದನಿ ಒಡೆದದ್ದು, ಎಂಟು ತಿಂಗಳ ಕಷಾಯ, ಉಸಿರು ಕಟ್ಟಿದ ಮೇಲೆ ಓಡಿದ್ದು, ಕತ್ತಿನಲ್ಲಿ ತೂತು ಮಾಡಿದ್ದು. ಕೊನೆಯ ನಾಲ್ಕು ತಿಂಗಳು ಅವನು ಅವಳನ್ನು ಹೆಸರು ಹಿಡಿದು ಕರೆಯಲೇ ಇಲ್ಲ, ಕರೆಯಲು ಆಗಲಿಲ್ಲ. ಅಳದೆ ಹೇಳಿದಳು. ಸೊಸೆಯ ಜೊತೆ ಬಂದಿದ್ದ ಚಿನ್ನಮ್ಮಾಳ್ ಎಂಬ ಮುದುಕಿ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕುತ್ತಿದ್ದಳು.

ಮುಗಿದ ಮೇಲೆ ಹೊರಗಿನ ಟೀ ಅಂಗಡಿಯ ಮುಂದೆ ಕಮಲಂ ಅವಳನ್ನು ಹಿಡಿದು ನಿಲ್ಲಿಸಿದಳು. ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಮಾತು ಒಡೆಯಿತು.

“ಆವತ್ತು ಡಾಕ್ಟರ ಮುಂದೆ ಎನ್ನ ಹೆಸರು ಏಕೆ ಹೇಳಿದೆ? ನೀ ಹೇಳಿದ್ದನ್ನ ನಾ ಅವರಿಗೆ ಮುಟ್ಟಿಸಲೇ ಇಲ್ಲ. ಮೆಸೇಜು ಅಳಿಸಿದೆ. ಅದು ನಿನಗೆ ಗೊತ್ತು. ಎನ್ನ ಮೇಲೆ ಕರುಣೆ ತೋರಿಸೋಕೆ ನೀ ಯಾರು?”

“ಕರುಣೆಯಾ?” ತಂಗಮಣಿ ಟೀ ಲೋಟವನ್ನು ಕಟ್ಟೆಯ ಮೇಲಿಟ್ಟಳು. “ಅಕ್ಕಾ, ಆವತ್ತು ನಾ ಹೊರಗೆ ಹೋಗಿ ಅತ್ತೆನಲ್ಲ, ಏಕೆ ಅಂದುಕೊಂಡೆ?”

ತಂಗಮಣಿ ಉತ್ತರಕ್ಕೆ ಕಾಯಲಿಲ್ಲ.

“ಹೊಟ್ಟೆಕಿಚ್ಚು. ಶುರುವಿನ ಹಂತ ಅಂದರಲ್ಲ, ಆ ಮಾತು ಕೇಳಿ ಎನ್ನ ಹೊಟ್ಟೆ ಉರಿದುಹೋತು. ಇದೇ ರೋಗ, ಇದೇ ಗಂಟಲು. ಎನಗೆ ಆ ಮಾತು ಯಾರೂ ಹೇಳಲಿಲ್ಲ. ನೀ ಹದಿನೆಂಟು ದಿವಸ ತಡ ಮಾಡಿದರೂ ನಿನ್ನ ಗಂಡ ಉಳೀತಾನೆ, ನಾ ಆಮೇಲೆ ಆಸ್ಪತ್ರೆಗೆ ಅಲೆದು ಕಾಲು ಸವೆಸಿದರೂ ಎನ್ನವರು ಹೋದರು. ಅಕ್ಕನೂ ಗಮನಿಸಿದಳು ಅಂದದ್ದು ಒಳ್ಳೇತನಕ್ಕಲ್ಲ. ಅಲ್ಲಿ ಇನ್ನೊಂದು ಮಾತಾಡಿದ್ದರೆ ಕಿರುಚಿಬಿಡ್ತಿದ್ದೆ. ಅದಕ್ಕೆ ಎದ್ದು ಹೋದೆ.”

ಟೀ ಅಂಗಡಿಯವನು ಇಬ್ಬರ ಮುಖವನ್ನೂ ನೋಡಿ ಅತ್ತ ತಿರುಗಿದ.

“ಬಾವ ಎನಗೆ ಬೇಡ ಅಕ್ಕಾ” ಎಂದಳು ತಂಗಮಣಿ ಕೊನೆಗೆ. “ನಿನಗೆ ಸಿಕ್ಕಿತಲ್ಲ, ಆ ಟೈಮು ಬೇಕಿತ್ತು ಎನಗೆ.”

 ಕಮಲಂಗೆ ಅವಳ ಕೈ ಹಿಡಿಯಬೇಕು ಅನ್ನಿಸಿತು, ಹಿಡಿಯಲಿಲ್ಲ. ತಣ್ಣಗಾಗಿದ್ದ ಟೀ ಚೆಲ್ಲಿ ಇನ್ನೊಂದು ಬಿಸಿ ಟೀ ತರಿಸಿ ಕೊಟ್ಟಳು. ಬಸ್ಸು ಬರುವವರೆಗೂ ಜೊತೆಗೇ ನಿಂತಳು.

ಆ ಸಂಜೆ ಗಂಡನ ಎದುರು ಕೂತು ಎಲ್ಲವನ್ನೂ ಹೇಳಿದಳು. ಸಾವಿನ ಮನೆ, ಮೆಸೇಜು, ಕರೆ. ಮಹಾಲಿಂಗಂ ಕೇಳಿದ. ಗೋಡೆಯ ಕಡೆ ತಿರುಗಿ ಮಲಗಿದ. ಎರಡು ದಿನ ಅವಳಿಗಾಗಿ ಒಂದು ಶಬ್ದವನ್ನೂ ಬರೆಯಲಿಲ್ಲ. ನೀರು ಬೇಕಾದರೆ ತಾನೇ ಎದ್ದು ಕುಡಿದ. ಅವಳು ಕುಡಿಸಿದ ಗಂಜಿ ಮಾತ್ರ ಕುಡಿದ. ಕಮಲಂ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಇದು ತನಗೆ ಸಲ್ಲಬೇಕಾದದ್ದೇ ಎಂದು ಸುಮ್ಮನೆ ಕೆಲಸ ಮಾಡಿದಳು.

ಮೂರನೆಯ ದಿನ ರೇಡಿಯೇಷನ್ ಮುಗಿಸಿ ಬಂದವನು ಮಂಚದ ಮೇಲೆ ಕೂತು ಬಹಳ ಹೊತ್ತು ಬರೆದ. ‘ಜುಲೈಯಲ್ಲಿ ಒಂದು ಸಲ ಉಗುಳಲ್ಲಿ ರಕ್ತ ಕಂಡಿತ್ತು. ನಾನೂ ನಿನಗೆ ಹೇಳಲಿಲ್ಲ. ನೀ ಹದಿನೆಂಟು ದಿವಸ ಮುಚ್ಚಿಟ್ಟೆ, ನಾ ಒಂದೂವರೆ ತಿಂಗಳು. ಸಿಟ್ಟು ಇನ್ನೂ ಅದೆ. ಹೋಗುತ್ತೆ.’ ಅವಳು ಓದಿ ಮುಗಿಸುವವರೆಗೆ ಕಾದು, ಫೋನು ಕಿತ್ತುಕೊಂಡು ಇನ್ನೊಂದು ಸಾಲು ಸೇರಿಸಿದ. ‘ಇನ್ನು ಮೇಲೆ ಎನ್ನ ಫೋನು ಮುಟ್ಟಬೇಡ.’

ಕಮಲಂಗೆ ನಗುವೂ ಅಳುವೂ ಒಟ್ಟಿಗೇ ಬಂತು.

ನವೆಂಬರ್ ಕೊನೆಗೆ ಅವರು ಊರಿಗೆ ಮರಳಿದರು. ಬೀಡಿ ಬಿಟ್ಟ ಮಹಾಲಿಂಗಂ ಕೈಗೆ ಕೆಲಸ ಬೇಕೆಂದು ತೋಟಕ್ಕೆ ಬಂದು ಕಳೆ ಕೀಳತೊಡಗಿದ. ಡಿಸೆಂಬರಿನಲ್ಲಿ ದನಿ ಹೊರಟಿತು. ಮೊದಲಿನಷ್ಟು ತುಂಬಿರಲಿಲ್ಲ, ಒರಟಾಗಿತ್ತು, ಆದರೆ ದನಿಯೇ. ಡಿಪೋದಲ್ಲಿ ಅವನನ್ನು ಬಸ್ಸಿನಿಂದ ಬಿಡಿಸಿ ಬಸ್ಸು ಬಂದುಹೋಗುವ ಟೈಮ್ ಬರೆಯುವ ಮೇಜಿಗೆ ಹಾಕಿದರು. ಜನವರಿಯಲ್ಲಿ ಕೊಯಮತ್ತೂರಿನಲ್ಲಿ ಮತ್ತೆ ಕ್ಯಾಮೆರಾ ಬಿಟ್ಟು ನೋಡಿದರು. ದನಿಪಟ್ಟಿ ಶುಚಿಯಾಗಿತ್ತು. ಇನ್ನು ಎರಡೆರಡು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು, ಸದ್ಯಕ್ಕೆ ಏನೂ ಇಲ್ಲ ಎಂದರು.

ಮಹಾಲಿಂಗಂ ಔಷಧಿಯ ಸಾಲಿನಲ್ಲಿ ನಿಂತಾಗ ಕಮಲಂ ಹೊರಗೆ ಬಂದು ತನ್ನ ಫೋನು ತೆಗೆದಳು. ಮಗಳಿಗೆ ಮಾಡುವ ಮುಂಚೆ ತಂಗಮಣಿಗೆ ಮಾಡಿದಳು.

“ನೋಡಿದರು. ಏನೂ ಇಲ್ಲೆ ಅಂದರು” ಎಂದಳು.

ಆ ಕಡೆ ಸದ್ದಿಲ್ಲ. ಕರೆ ಕಡಿದಿರಲಿಲ್ಲ, ಉಸಿರು ಕೇಳಿಸುತ್ತಿತ್ತು. ಅವಳಿಗೆ ಈಗ ಏನಾಗುತ್ತಿದೆ ಎಂದು ಕಮಲಂಗೆ ಗೊತ್ತಿತ್ತು. ಸಮಾಧಾನದ ಮಾತು ಹೇಳಲು ಹೋಗಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು.

“ಒಳ್ಳೇದಾತು ಅಕ್ಕಾ” ಎಂದಳು ತಂಗಮಣಿ ಕೊನೆಗೆ, ಮೂಗು ಎಳೆದುಕೊಂಡು. “ಬಾವ ಈಗ ಗಟ್ಟಿ ಊಟ ಮಾಡ್ತಾರಾ?”

ಇವನು ಏನು ಉಂಡರೆ ಇವಳಿಗೇನು ಎಂದು ಕಮಲಂಳ ಒಳಗೆ ಚುರುಕ್ ಎಂದಿತು.

“ಮಾಡ್ತಾರೆ” ಎಂದಳು. “ರಾಗಿ ಹಿಟ್ಟು ಮೆತ್ತಗೆ ಬೇಯಿಸಿದರೆ ಇಳೀತದೆ. ಅವರೆಕಾಳಿನ ಸಾರು ಕೊಡ್ತೇನೆ, ಖಾರ ಮಾತ್ರ ಇನ್ನೂ ಆಗೋದಿಲ್ಲೆ. ಭಾನುವಾರ ಬಾ, ನೀನೇ ನೋಡುವೆಯಂತೆ.”